ನೆಟ್ ಬೇರೆ, ಆಪ್ ಬೇರೆ: ಜಗಳ ಶುರುವಾದದ್ದು ಎಲ್ಲಿಂದ?

2021ರ ಅಕ್ಟೋಬರ್ 4ರ ರಾತ್ರಿ ವಾಟ್ಸಾಪ್, ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮೂರೂ ಸುಮಾರು ಆರು ಗಂಟೆ ನಿಂತುಹೋದವು. ‘ನೆಟ್ ಹೋಗಿದೆ’ ಎಂದು ಫೋನ್ ಆಫ್ ಮಾಡಿ ಆನ್ ಮಾಡಿದವರು ಬಹಳ. ನೆಟ್ ಹೋಗಿರಲಿಲ್ಲ. ಇಮೇಲ್ ಹೋಗುತ್ತಿತ್ತು, ಯೂಟ್ಯೂಬ್ ಓಡುತ್ತಿತ್ತು. ಆ ಮೂರನ್ನೂ ನಡೆಸುವ ಒಂದೇ ಕಂಪನಿಯ ಸರ್ವರ್‌ಗಳಿಗೆ ಹೋಗುವ ದಾರಿ ಮಾತ್ರ ಜಾಲದಿಂದ ಅಳಿಸಿಹೋಗಿತ್ತು. ನೆಟ್ ಬೇರೆ, ಅದರ ಮೇಲೆ ಓಡುವ ಆಪ್ ಬೇರೆ. ಯಾವ ಆಪ್ ಎಂದು ನೋಡಿ ನೆಟ್‌ನ ದರ ಬದಲಿಸಬಹುದೇ ಎಂಬುದೇ ನಮ್ಮಲ್ಲಿ ನಡೆದ ಜಗಳ.

ಇಂಟರ್ನೆಟ್ ಮಾಡುವ ಕೆಲಸ ಒಂದೇ. ಮಾಹಿತಿಯನ್ನು ತುಣುಕು ಮಾಡಿ ಒಂದು ಕಂಪ್ಯೂಟರಿನಿಂದ ಇನ್ನೊಂದಕ್ಕೆ ದಾಟಿಸುವುದು. ತುಣುಕಿನಲ್ಲಿ ಪತ್ರವಿದೆಯೋ ಸಿನಿಮಾ ಇದೆಯೋ ಎಂಬುದು ಅದಕ್ಕೆ ಬೇಕಿಲ್ಲ. ಉಳಿದದ್ದೆಲ್ಲ ಅದರ ಮೇಲೆ ಯಾರೋ ಕಟ್ಟಿದ ಸೇವೆ. 1969ರಲ್ಲಿ ನೆಟ್‌ನ ಪೂರ್ವಜನಾದ ಅಮೆರಿಕದ ಜಾಲ ಅರ್ಪಾನೆಟ್, 1983ರಲ್ಲಿ ತುಣುಕುಗಳನ್ನು ದಾಟಿಸುವ ನಿಯಮಗಳಾದ ಟಿಸಿಪಿ/ಐಪಿ, 1991ರಲ್ಲಿ ಅದರ ಮೇಲೆ ಕಟ್ಟಿ ಎಲ್ಲರಿಗೂ ತೆರೆದ ವೆಬ್, 1995ರ ಆಗಸ್ಟ್ 15ರಂದು ಸರ್ಕಾರಿ ಕಂಪನಿ ವಿಎಸ್‌ಎನ್‌ಎಲ್ ಮೂಲಕ ನಮ್ಮ ದೇಶದ ಜನಸಾಮಾನ್ಯರಿಗೂ ನೆಟ್. ವೆಬ್ ಕಟ್ಟಿದ ಟಿಮ್ ಬರ್ನರ್ಸ್-ಲೀ ಅದಕ್ಕಾಗಿ ಯಾವ ಟೆಲಿಕಾಂ ಕಂಪನಿಯ ಅನುಮತಿಯನ್ನೂ ಕೇಳಬೇಕಾಗಿರಲಿಲ್ಲ. ಇದು ಬಹಳ ದೊಡ್ಡ ವಿಷಯ.

ಭಾರತದಲ್ಲಿ ಈ ಜಗಳ ಜೋರಾದದ್ದು 2014ರ ಡಿಸೆಂಬರ್‌ನಲ್ಲಿ. ನೆಟ್ ಮೂಲಕ ಮಾಡುವ ಕರೆಗಳಿಗೆ ಬೇರೆ ದರ ಹಾಕುತ್ತೇವೆ ಎಂದು ಏರ್‌ಟೆಲ್ ಹೇಳಿತು, ವಿರೋಧ ಬಂದಾಗ ಕೈಬಿಟ್ಟಿತು. ಮೊಬೈಲ್ ಕಂಪನಿಗಳ ಸಂಕಟವೂ ಸುಳ್ಳಲ್ಲ. ಎಸ್‌ಎಂಎಸ್, ಕರೆಗಳ ಆದಾಯ ಕರಗುತ್ತಿತ್ತು. ಆದರೆ ಮಿಕ್ಸಿಗೊಂದು ರೇಟು, ಫ್ಯಾನಿಗೊಂದು ರೇಟು ಅಂತ ಕರೆಂಟ್ ಬಿಲ್ ಬರುವುದಿಲ್ಲ, ಅಲ್ವಾ?

2015ರ ಮಾರ್ಚ್‌ನಲ್ಲಿ ಟೆಲಿಕಾಂ ನಿಯಂತ್ರಣ ಪ್ರಾಧಿಕಾರವಾದ ಟ್ರಾಯ್ ಈ ಬಗ್ಗೆ ಜನರ ಅಭಿಪ್ರಾಯ ಕೇಳಿತು. ಹತ್ತು ಲಕ್ಷಕ್ಕೂ ಜಾಸ್ತಿ ಇಮೇಲ್ ಬಂದವು. ಏಪ್ರಿಲ್‌ನಲ್ಲಿ ಬಂದ ‘ಏರ್‌ಟೆಲ್ ಝೀರೋ’ ಯೋಜನೆಯಲ್ಲಿ ಡೇಟಾ ಖರ್ಚನ್ನು ಗ್ರಾಹಕರ ಬದಲು ಆಪ್‌ನವರೇ ಕಟ್ಟಬೇಕಿತ್ತು. ಮಾತುಕತೆಯಲ್ಲಿದ್ದ ಬೆಂಗಳೂರಿನ ಫ್ಲಿಪ್‌ಕಾರ್ಟ್ ಟೀಕೆ ಕೇಳಿ ಹಿಂದೆ ಸರಿಯಿತು. ಇದಕ್ಕೂ ಮೊದಲೇ, ಫೆಬ್ರವರಿಯಲ್ಲಿ, ಫೇಸ್‌ಬುಕ್ ತನ್ನ ‘ಇಂಟರ್ನೆಟ್ ಡಾಟ್ ಆರ್ಗ್’ ಅನ್ನು ರಿಲಯನ್ಸ್ ಕಮ್ಯುನಿಕೇಷನ್ಸ್ ಜೊತೆ ಇಲ್ಲಿಗೆ ತಂದಿತ್ತು. ಆಯ್ದ ಕೆಲವೇ ಸೈಟುಗಳು ಉಚಿತ. ಬಡವರಿಗೆ ಏನೂ ಇಲ್ಲದಿರುವುದಕ್ಕಿಂತ ಇಷ್ಟಾದರೂ ಸಿಗಲಿ ಎಂಬ ವಾದವನ್ನು ಸುಮ್ನೆ ತಳ್ಳಿಹಾಕಲಾಗದು. ಆದರೆ ಮೊದಲ ಸಲ ನೆಟ್ ನೋಡುವ ರೈತನಿಗೆ ಆ ಕೆಲವೇ ಸೈಟುಗಳು ಪೂರ್ತಿ ಇಂಟರ್ನೆಟ್ ಆಗಿಬಿಡುತ್ತಿದ್ದವು. ಹೊಸದಾಗಿ ಶುರುವಾದ ಸಣ್ಣ ಕನ್ನಡ ಸೈಟು ಅವನ ಕಣ್ಣಿಗೇ ಬೀಳುತ್ತಿರಲಿಲ್ಲ. ಸೆಪ್ಟೆಂಬರ್‌ನಲ್ಲಿ ಹೆಸರು ‘ಫ್ರೀ ಬೇಸಿಕ್ಸ್’ ಆಯಿತು. ಯಾವ ಸೈಟು ಉಚಿತ ಎಂಬ ಆಯ್ಕೆಯ ನಿಯಮ ಬರೆಯುವವರು ಮಾತ್ರ ಫೇಸ್‌ಬುಕ್‌ನವರೇ ಆಗಿದ್ದರು.

2016ರ ಫೆಬ್ರವರಿ 8ರಂದು ಟ್ರಾಯ್, ನೋಡುವ ವಿಷಯದ ಮೇಲೆ ಡೇಟಾ ದರ ಬದಲಿಸುವಂತಿಲ್ಲ ಎಂದಿತು. ಮೀರಿದರೆ ದಿನಕ್ಕೆ 50,000 ರೂಪಾಯಿ ದಂಡ, ಗರಿಷ್ಠ 50 ಲಕ್ಷ. 2018ರಲ್ಲಿ ಕೇಂದ್ರ ಸರ್ಕಾರ ನೆಟ್ ನ್ಯೂಟ್ರಾಲಿಟಿ, ಅಂದರೆ ಜಾಲದಲ್ಲಿ ಎಲ್ಲ ಸೇವೆಗಳನ್ನೂ ಸಮನಾಗಿ ಕಾಣಬೇಕೆಂಬ ನಿಯಮಗಳನ್ನೂ ಒಪ್ಪಿತು.

ಈಗ ಬೇಡಿಕೆಯ ದಿಕ್ಕು ಬದಲಾಗಿದೆ. ಜಾಸ್ತಿ ಡೇಟಾ ಹರಿಸುವ ದೊಡ್ಡ ಸೇವೆಗಳು ಜಾಲದ ಖರ್ಚಿನಲ್ಲಿ ಪಾಲು ಕೊಡಲಿ ಎಂದು ಟೆಲಿಕಾಂ ಕಂಪನಿಗಳು ಕೇಳುತ್ತಿವೆ. ಆ ಡೇಟಾವನ್ನು ತರಿಸಿಕೊಳ್ಳುವ ಗ್ರಾಹಕ ಮಾತ್ರ ತನ್ನ ರೀಚಾರ್ಜಿಗೆ ಆಗಲೇ ಹಣ ಕಟ್ಟಿದ್ದಾನೆ.