ಬ್ರಿಟಿಷ್ ಮ್ಯೂಸಿಯಂ: ಒಂದು ದಿನ ಸಾಕೇ?

ಪ್ರಶ್ನೆ: ಲಂಡನ್ನಿನಲ್ಲಿ ನನಗೆ ಸಿಗುವುದು ಒಂದೇ ದಿನ. ಅಷ್ಟರಲ್ಲಿ ಬ್ರಿಟಿಷ್ ಮ್ಯೂಸಿಯಂ ಪೂರ್ತಿ ನೋಡಬಹುದೇ?

ಉತ್ತರ: ಆಗುವುದಿಲ್ಲ. ಆ ಆಸೆಯನ್ನು ಬಿಟ್ಟೇ ಹೊರಡಿ. ಅಲ್ಲಿನ ಸಂಗ್ರಹ ಸುಮಾರು 80 ಲಕ್ಷ ವಸ್ತುಗಳದ್ದು. ಪ್ರದರ್ಶನಕ್ಕಿರುವುದು ಅದರಲ್ಲಿ ನೂರಕ್ಕೆ ಒಂದು ಪಾಲು, ಹೆಚ್ಚುಕಡಿಮೆ 80 ಸಾವಿರ. ಒಂದೊಂದಕ್ಕೆ ಒಂದೇ ನಿಮಿಷ ಕೊಟ್ಟರೂ ಊಟ ನಿದ್ದೆ ಬಿಟ್ಟು 55 ದಿನ ನಿಂತಿರಬೇಕು. ಸ್ಥಾಯಿ ಸಂಗ್ರಹ ನೋಡಲು ಶುಲ್ಕವಿಲ್ಲ. ಕೊಟ್ಟ ಹಣ ವಸೂಲಾಗಲಿ ಎಂದು ಕೋಣೆಯಿಂದ ಕೋಣೆಗೆ ಓಡುವ ಅಗತ್ಯವೂ ಇಲ್ಲ. ಮೂರು ನಾಲ್ಕು ವಸ್ತುಗಳನ್ನು ಆರಿಸಿಕೊಂಡು ಅವುಗಳ ಮುಂದೆ ನಿಲ್ಲಿ.

ನನ್ನ ಮೊದಲ ಆಯ್ಕೆ ಈಗಿನ ಇರಾಕ್‌ನಲ್ಲಿದ್ದ ಪ್ರಾಚೀನ ಅಸ್ಸೀರಿಯಾ ರಾಜ್ಯದ ಸಿಂಹಬೇಟೆಯ ಉಬ್ಬುಶಿಲ್ಪಗಳು. ಕ್ರಿ.ಪೂ. 645ರ ಸುಮಾರಿಗೆ ನಿನೆವೆಯಲ್ಲಿದ್ದ ದೊರೆ ಅಶುರ್‌ಬನಿಪಾಲನ ಅರಮನೆಯ ಗೋಡೆಗಳಿಗೆ ಕೆತ್ತಿಸಿದವು. ಒಂದು ಮೂಲೆಯಲ್ಲಿ ಪುಟ್ಟ ಗೂಡಿನ ಮೇಲೆ ಕುಳಿತವನೊಬ್ಬ ಬೋನಿನ ಬಾಗಿಲೆತ್ತಿ ಸಿಂಹವನ್ನು ಹೊರಬಿಡುತ್ತಿದ್ದಾನೆ. ಅಂದರೆ ಇದು ಕಾಡಿನ ಬೇಟೆಯಲ್ಲ, ದೊರೆಯ ಪರಾಕ್ರಮವನ್ನು ಜನರಿಗೆ ತೋರಿಸಲು ಏರ್ಪಡಿಸಿದ್ದು. ಆದರೆ ನಮ್ಮ ಕಣ್ಣು ನಿಲ್ಲುವುದು ದೊರೆಯ ಮೇಲಲ್ಲ. ಬೆನ್ನಿಗೆ ಬಾಣ ನೆಟ್ಟ ಸಿಂಹಿಣಿಯೊಂದು ಸತ್ವವಿಲ್ಲದ ಹಿಂಗಾಲುಗಳನ್ನು ಎಳೆದುಕೊಂಡು, ಮುಂಗಾಲೂರಿ, ತಲೆಯೆತ್ತಿ ಗರ್ಜಿಸುತ್ತಿದೆ. ಇನ್ನೊಂದು ಸಿಂಹ ರಕ್ತ ಕಾರುತ್ತಿದೆ. ದೊರೆಯನ್ನು ಹೊಗಳಲೆಂದು ಉಳಿ ಹಿಡಿದ ಶಿಲ್ಪಿ ಪ್ರಾಣಿಯ ನೋವನ್ನು ಇಷ್ಟು ಹತ್ತಿರದಿಂದ ನೋಡಿದ್ದಾನಲ್ಲ ಎಂದು ಗಂಟಲು ಕಟ್ಟುತ್ತದೆ.

ರೊಸೆಟ್ಟಾ ಶಿಲೆಯನ್ನು ನೋಡುವುದಿದ್ದರೆ ಬೆಳಿಗ್ಗೆ ಬಾಗಿಲು ತೆರೆಯುತ್ತಲೇ ಹೋಗಿ. ತಡವಾದರೆ ಗಾಜಿನ ಸುತ್ತ ಮೊಬೈಲ್ ಎತ್ತಿದ ಕೈಗಳೇ ಕಾಣುತ್ತವೆ. ಈಜಿಪ್ಟಿನ ಈ ಕಲ್ಲಿನ ಮೇಲೆ ಒಂದೇ ಶಾಸನವನ್ನು ಚಿತ್ರಲಿಪಿಯಲ್ಲೂ ಗ್ರೀಕಿನಲ್ಲೂ ಕೆತ್ತಿದ್ದಾರೆ. ಗ್ರೀಕ್ ಬರಹ ಜೊತೆಗಿದ್ದುದರಿಂದಲೇ 1822ರಲ್ಲಿ ಫ್ರೆಂಚ್ ವಿದ್ವಾಂಸ ಶಾಂಪೋಲಿಯನ್ ಆ ಚಿತ್ರಲಿಪಿಯ ಗುಟ್ಟು ಬಿಡಿಸಿದ್ದು. ಒಂದನೇ ಕೋಣೆಯಲ್ಲಿ ಇದರ ಪ್ರತಿಕೃತಿಯಿದೆ, ಅದನ್ನು ಮುಟ್ಟಲು ಬಿಡುತ್ತಾರೆ. ಮಕ್ಕಳಿದ್ದರೆ ಅಲ್ಲಿಗೆ ಕರೆದುಕೊಂಡು ಹೋಗಿ. ಚಕ್ರವಿರುವ ಸೂಟ್‌ಕೇಸನ್ನು ಮಾತ್ರ ತರಬೇಡಿ, ಒಳಗೆ ಬಿಡುವುದಿಲ್ಲ.

ಕೊನೆಗೆ 33ಎ ಕೋಣೆ. ಹೆಚ್ಚಿನವರು ಇದನ್ನು ತಪ್ಪಿಸಿಕೊಳ್ಳುತ್ತಾರೆ, ನೀವು ತಪ್ಪಿಸಿಕೊಳ್ಳಬೇಡಿ. ಕೃಷ್ಣಾ ತೀರದ ಅಮರಾವತಿ ಸ್ತೂಪದ ಸುಣ್ಣಕಲ್ಲಿನ ಫಲಕಗಳು ಇಲ್ಲಿವೆ. ಇದೇ ಸ್ತೂಪದ ಇನ್ನೊಂದು ದೊಡ್ಡ ಪಾಲು ಚೆನ್ನೈನ ಸರ್ಕಾರಿ ಮ್ಯೂಸಿಯಂನಲ್ಲಿದೆ. ಒಂದು ಫಲಕಕ್ಕೆ ಎರಡೂ ಬದಿಯಲ್ಲಿ ಕೆತ್ತನೆಯಿದೆ. ಹಳೆಯ ಬದಿಯಲ್ಲಿ ಬುದ್ಧನ ಆಕೃತಿಯಿಲ್ಲ: ಬೋಧಿವೃಕ್ಷ, ಅದರಡಿ ಖಾಲಿ ಪೀಠ, ಸುತ್ತ ಕೈಮುಗಿದವರು. ಕೆಲವು ಶತಮಾನಗಳ ನಂತರ ಯಾರೋ ಅದೇ ಕಲ್ಲನ್ನು ತಿರುಗಿಸಿ, ಹಿಂಬದಿಯಲ್ಲಿ ಇಡೀ ಸ್ತೂಪವನ್ನೇ ಕೆತ್ತಿದ್ದಾರೆ.