ಕೆಲವು ಜನಾಂಗದವರಿಗೆ ಕೆಲವು ಕ್ಯಾನ್ಸರ್ ಜಾಸ್ತಿ ಯಾಕೆ?

ಪ್ರಶ್ನೆ: ಒಂದೊಂದು ಜನಾಂಗದಲ್ಲಿ ಒಂದೊಂದು ಕ್ಯಾನ್ಸರ್ ಹೆಚ್ಚು ಎಂದು ಓದಿದೆ. ಇದು ರಕ್ತದಲ್ಲೇ ಬರುವುದಾ? ಹಾಗಿದ್ದರೆ ಏನು ಮಾಡಿದರೂ ಅಷ್ಟೇ ಅಲ್ವಾ?

ಉತ್ತರ: ವ್ಯತ್ಯಾಸ ಇರುವುದು ನಿಜ. ಆದರೆ ಅದರಲ್ಲಿ ಹೆಚ್ಚಿನ ಪಾಲು ರಕ್ತದಿಂದ ಬಂದದ್ದಲ್ಲ. ಇದನ್ನು ತೋರಿಸಿಕೊಟ್ಟವರು ದೇಶ ಬಿಟ್ಟು ದೇಶಕ್ಕೆ ಹೋಗಿ ನೆಲೆಸಿದ ಜನ.

ಜಪಾನಿನಲ್ಲಿ ಹೊಟ್ಟೆಯ ಕ್ಯಾನ್ಸರ್ ಮೊದಲಿನಿಂದಲೂ ಹೆಚ್ಚು. ಕಳೆದ ಶತಮಾನದಲ್ಲಿ ಅಮೆರಿಕದ ಬಿಳಿಯರಲ್ಲಿ ಅದು ಕಡಿಮೆ ಇತ್ತು. ದೊಡ್ಡ ಕರುಳಿನ ಮತ್ತು ಸ್ತನದ ಕ್ಯಾನ್ಸರ್ ಜಾಸ್ತಿ ಇತ್ತು. ಹಾಗಾದರೆ ಅಮೆರಿಕಕ್ಕೆ ಹೋದ ಜಪಾನಿಗಳಿಗೆ ಏನಾಯಿತು? 1968ರಲ್ಲಿ ಹೆನ್‌ಜೆಲ್ ಮತ್ತು ಕುರಿಹಾರಾ ಎಂಬ ಸಂಶೋಧಕರು ಇದರ ಲೆಕ್ಕ ಪ್ರಕಟಿಸಿದರು. ವಲಸೆ ಹೋದವರಲ್ಲೇ ಕರುಳಿನ ಕ್ಯಾನ್ಸರ್ ಏರತೊಡಗಿತ್ತು. ಹೊಟ್ಟೆಯ ಕ್ಯಾನ್ಸರ್ ಮಾತ್ರ ಅವರಲ್ಲಿ ಹೆಚ್ಚೇ ಉಳಿದು, ಅಲ್ಲೇ ಹುಟ್ಟಿದ ಮಕ್ಕಳಲ್ಲಿ ಚೆನ್ನಾಗಿ ಇಳಿದಿತ್ತು. ಜೀನ್ ಅದೇ, ಕಾಯಿಲೆ ಬೇರೆ.

ಒಂದು ಬೇಗ ಏರಿ, ಇನ್ನೊಂದು ತಡವಾಗಿ ಇಳಿದದ್ದಕ್ಕೂ ಅರ್ಥವಿದೆ. ಹೊಟ್ಟೆಯ ಕ್ಯಾನ್ಸರ್‌ಗೆ ದೊಡ್ಡ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಬ್ಯಾಕ್ಟೀರಿಯಾ. ಅದು ಸಾಮಾನ್ಯವಾಗಿ ಚಿಕ್ಕ ವಯಸ್ಸಿನಲ್ಲೇ ಅಂಟಿಕೊಳ್ಳುತ್ತದೆ, ಚಿಕಿತ್ಸೆ ಆಗದಿದ್ದರೆ ದಶಕಗಟ್ಟಲೆ ಉಳಿಯುತ್ತದೆ. ದೊಡ್ಡವರು ಅದನ್ನು ಜೊತೆಗೇ ಒಯ್ದಿದ್ದರು. ಬೇರೆ ಪರಿಸರದಲ್ಲಿ ಬೆಳೆದ ಮಕ್ಕಳಿಗೆ ಅದು ಕಡಿಮೆ ತಗುಲಿತು. ಲಿವರ್ ಕ್ಯಾನ್ಸರ್‌ದೂ ಇಂಥದೇ ಕಥೆ. ಪೂರ್ವ ಏಷ್ಯಾದಲ್ಲಿ ಅದು ಹೆಚ್ಚಿರಲು ಮುಖ್ಯ ಕಾರಣ ಹೆಪಟೈಟಿಸ್ ಬಿ ವೈರಸ್. ತೈವಾನ್ 1984ರಲ್ಲಿ ಶಿಶುಗಳಿಗೆ ಲಸಿಕೆ ಹಾಕಲು ಶುರು ಮಾಡಿತು. ಆ ಲಸಿಕೆ ಪಡೆದ ತಲೆಮಾರಿನಲ್ಲಿ ಲಿವರ್ ಕ್ಯಾನ್ಸರ್ ಬಹಳ ಇಳಿಯಿತು. ಇಂಥ ಸುದ್ದಿ ಓದಿದಾಗ ನನಗೆ ನಿಜಕ್ಕೂ ಸಂತೋಷವಾಗುತ್ತದೆ. ಹಣೆಬರಹ ಎಂದು ಕೈಚೆಲ್ಲಿದ್ದರೆ ಆ ಲಸಿಕೆ ಹಾಕುತ್ತಲೇ ಇರಲಿಲ್ಲ.

ಹಾಗಂತ ಜೀನ್‌ಗಳ ಪಾತ್ರವೇ ಇಲ್ಲ ಎಂದಲ್ಲ. ಅಶ್ಕೆನಾಜಿ ಯಹೂದಿಗಳಲ್ಲಿ (ಮಧ್ಯ ಮತ್ತು ಪೂರ್ವ ಯುರೋಪ್ ಮೂಲದ ಯಹೂದಿಗಳು) ಸುಮಾರು 40 ಜನರಲ್ಲಿ ಒಬ್ಬರಿಗೆ ಬಿಆರ್‌ಸಿಎ ಎಂಬ ಜೀನ್‌ಗಳಲ್ಲಿ ಅಪಾಯದ ಬದಲಾವಣೆ ಇರುತ್ತದೆ. ಸ್ತನ ಮತ್ತು ಅಂಡಾಶಯದ ಕ್ಯಾನ್ಸರ್ ಸಾಧ್ಯತೆ ಅದರಿಂದ ತುಂಬಾ ಏರುತ್ತದೆ. ಬೇರೆಯವರಲ್ಲಿ ಇದು ನೂರಾರು ಜನರಲ್ಲಿ ಒಬ್ಬರಿಗೆ ಮಾತ್ರ. ಅಶ್ಕೆನಾಜಿಗಳ ಪೂರ್ವಜರ ಗುಂಪು ಒಂದು ಕಾಲಕ್ಕೆ ಬಹಳ ಚಿಕ್ಕದಾಗಿತ್ತು, ತಮ್ಮೊಳಗೇ ಮದುವೆಯಾಗುತ್ತಿದ್ದರು. ಹಾಗಾಗಿ ಕೆಲವೇ ಪೂರ್ವಜರಲ್ಲಿದ್ದ ಬದಲಾವಣೆ ಹಾಗೇ ಹರಡಿತು. ಇಲ್ಲೂ ಗಮನಿಸಿ: 40ರಲ್ಲಿ 39 ಮಂದಿಗೆ ಅದು ಇಲ್ಲ! ಎಲ್ಲ ಕ್ಯಾನ್ಸರ್‌ಗಳನ್ನು ಒಟ್ಟಿಗೆ ನೋಡಿದರೆ, ವಂಶದಿಂದ ಬಂದ ಒಂದೇ ಜೀನ್ ದೋಷ ಮುಖ್ಯ ಕಾರಣವಾಗಿರುವುದು ನೂರಕ್ಕೆ 5ರಿಂದ 10ರಷ್ಟರಲ್ಲಿ.

ಇನ್ನೊಂದು ವಿಷಯ. ಕ್ಯಾನ್ಸರ್ ಬರುವ ಪ್ರಮಾಣ ಬೇರೆ, ಅದರಿಂದ ಸಾಯುವ ಪ್ರಮಾಣ ಬೇರೆ. ಅಮೆರಿಕದಲ್ಲಿ ಕಪ್ಪು ಮಹಿಳೆಯರಿಗೆ ಸ್ತನ ಕ್ಯಾನ್ಸರ್ ಬರುವುದು ಬಿಳಿ ಮಹಿಳೆಯರಿಗಿಂತ ಸ್ವಲ್ಪ ಕಡಿಮೆ. ಆದರೆ ಸಾವು ಸುಮಾರು ಶೇ. 40ರಷ್ಟು ಹೆಚ್ಚು. ಹಾರ್ಮೋನ್ ಚಿಕಿತ್ಸೆಗೆ ಬಗ್ಗದ ಗಡ್ಡೆ ಅವರಲ್ಲಿ ಜಾಸ್ತಿ ಎನ್ನುವುದು ಒಂದು ಕಾರಣ. ಆದರೆ ತಡವಾಗಿ ಪತ್ತೆಯಾಗುವುದು, ಚಿಕಿತ್ಸೆ ತಡವಾಗುವುದು, ವಿಮೆ ಇಲ್ಲದಿರುವುದು ಇವೂ ಜೀವ ತೆಗೆಯುತ್ತವೆ. ಇಷ್ಟನ್ನೂ ಜೀನ್ ಮೇಲೆ ಹಾಕಿ ಸುಮ್ಮನಾಗುವುದು ಅನ್ಯಾಯ.

"ನಮ್ಮವರಿಗೆ ಅದು ಬರಲ್ಲ" ಎಂಬ ಧೈರ್ಯವೂ ಅಷ್ಟೇ ಅಪಾಯ. ಮೆಲನೋಮ ಎಂಬ ಚರ್ಮದ ಕ್ಯಾನ್ಸರ್ ಬಿಳಿ ಚರ್ಮದವರಲ್ಲಿ ಬಹಳ ಹೆಚ್ಚು, ನಿಜ. ಕಪ್ಪು ಚರ್ಮದವರಲ್ಲಿ ಅದು ಅಪರೂಪ. ಬಂದರೆ ಹೆಚ್ಚಾಗಿ ಅಂಗಾಲು, ಅಂಗೈ ಅಥವಾ ಉಗುರಿನ ಕೆಳಗೆ ಬರುತ್ತದೆ, ಬಿಸಿಲು ಬೀಳದ ಜಾಗದಲ್ಲಿ. ಗಾಯಕ ಬಾಬ್ ಮಾರ್ಲಿಗೆ ಕಾಲ್ಬೆರಳಿನ ಉಗುರಿನ ಕೆಳಗೆ ಶುರುವಾಗಿತ್ತು. 1981ರಲ್ಲಿ, 36ನೇ ವಯಸ್ಸಿಗೆ ತೀರಿಕೊಂಡರು.

ನಿಮ್ಮ ಅಪಾಯ ಎಷ್ಟೆಂದು ತಿಳಿಯಬೇಕಾದರೆ ಜನಾಂಗದ ಹೆಸರಿಗಿಂತ ಮನೆಯವರ ವಿವರ ಹೆಚ್ಚು ಉಪಯೋಗಕ್ಕೆ ಬರುತ್ತದೆ. ತಾಯಿಯ ಕಡೆ, ತಂದೆಯ ಕಡೆ ಯಾರಿಗೆ ಯಾವ ಕ್ಯಾನ್ಸರ್ ಬಂದಿತ್ತು, ಯಾವ ವಯಸ್ಸಿನಲ್ಲಿ ಎಂದು ಹಿರಿಯರನ್ನು ಕೇಳಿ ಬರೆದಿಟ್ಟುಕೊಳ್ಳಿ. ಐವತ್ತು ವರ್ಷಕ್ಕೆ ಮೊದಲೇ ಬಂದಿದ್ದರೆ, ಅಥವಾ ಒಂದೇ ಕಡೆಯ ಹಲವರಿಗೆ ಬಂದಿದ್ದರೆ, ಅದನ್ನು ಡಾಕ್ಟರಿಗೆ ಮರೆಯದೆ ಹೇಳಿ.