ಪಕ್ಕದ ಲ್ಯಾಬಿಗೆ ಗೊತ್ತಿತ್ತು

ಕತ್ತಲೆ ಕೋಣೆ, ಫ್ಲೋರೆಸೆನ್ಸ್ ಮೈಕ್ರೋಸ್ಕೋಪು, ಕೋಶ ಬೆಳೆಸಿ ಹೆಕ್ಸ್ಟ್ ಬಣ್ಣ ಹಾಕಿದ ಒಂದು ಕವರ್‌ಸ್ಲಿಪ್ಪು, ಅಂದರೆ ತೆಳು ಗಾಜಿನ ಚೂರು. ಹೆಕ್ಸ್ಟ್ ಡಿಎನ್ಎಗೆ ಅಂಟುವ ಬಣ್ಣ. ಕಲ್ಚರ್, ಅಂದರೆ ಲ್ಯಾಬಿನಲ್ಲಿ ಬೆಳೆಸಿದ ಕೋಶಗಳು, ಶುದ್ಧವಾಗಿದ್ದರೆ ಕಪ್ಪು ಹಿನ್ನೆಲೆಯಲ್ಲಿ ನೀಲಿ ಕೋಶಕೇಂದ್ರಗಳಷ್ಟೇ ಕಾಣಬೇಕು, ನಡುವಿನ ಜಾಗ ಖಾಲಿ ಇರಬೇಕು. ನನಗೆ ಕಂಡದ್ದು ಬೇರೆ. ಕೋಶಕೇಂದ್ರಗಳ ಸುತ್ತ, ಕೋಶದ ಅಂಚಿನುದ್ದಕ್ಕೂ, ಸೀಮೆಸುಣ್ಣದ ಡಸ್ಟರ್ ಕೊಡವಿದ ಹಾಗೆ ನೀಲಿ ಧೂಳು. ಬಣ್ಣ ಸರಿಯಾಗಿ ತೊಳೆದಿಲ್ಲವೇನೋ ಎಂದುಕೊಂಡು ಇನ್ನೊಂದು ಕವರ್‌ಸ್ಲಿಪ್ ಇಟ್ಟೆ. ಅದರಲ್ಲೂ ಅದೇ. ಮೂರನೆಯದನ್ನು ನೋಡುವ ಧೈರ್ಯ ಬರಲಿಲ್ಲ. ಆ ಕೋಶಗಳ ಮೇಲೆ ಹನ್ನೊಂದು ತಿಂಗಳು ಕೆಲಸ ಮಾಡಿದ್ದೆ.

ಮೈಕೋಪ್ಲಾಸ್ಮಾ. ಆ ನೀಲಿ ಧೂಳು ಈ ಪುಟ್ಟ ಬ್ಯಾಕ್ಟೀರಿಯಾದ ಡಿಎನ್ಎ. ಕೋಶ ಬೆಳೆಸುವವರಿಗೆಲ್ಲ ಈ ಹೆಸರು ಗೊತ್ತು, ತಮ್ಮ ಇನ್‌ಕ್ಯುಬೇಟರಿನಲ್ಲಿ ಅದು ಇಲ್ಲ ಎಂಬ ನಂಬಿಕೆಯೂ ಎಲ್ಲರಿಗೂ ಇದೆ. ಬೇರೆ ಬ್ಯಾಕ್ಟೀರಿಯಾ ಸೇರಿಕೊಂಡರೆ ಒಂದೆರಡು ದಿನದಲ್ಲಿ ಮೀಡಿಯಂ, ಅಂದರೆ ಕೋಶಗಳಿಗೆ ಆಹಾರವಾಗುವ ದ್ರವ, ಕದಡಿ ಹಳದಿಯಾಗುತ್ತದೆ. ಫ್ಲಾಸ್ಕನ್ನು ಬೆಳಕಿಗೆ ಹಿಡಿದರೆ ಸಾಕು, ತಿಳಿಯುತ್ತದೆ. ಮೈಕೋಪ್ಲಾಸ್ಮಾ ಮಿಲಿಲೀಟರಿಗೆ ಕೋಟಿ ಇದ್ದರೂ ಮೀಡಿಯಂ ತಿಳಿಯಾಗಿಯೇ ಇರುತ್ತದೆ. ಅದಕ್ಕೆ ಕೋಶಭಿತ್ತಿ ಇಲ್ಲ, ಹಾಗಾಗಿ ಪೆನ್ಸಿಲಿನ್ ನಾಟುವುದಿಲ್ಲ. ಮೈ ಬಳುಕುವುದರಿಂದ 0.22 ಮೈಕ್ರಾನ್ ಫಿಲ್ಟರಿನಲ್ಲೂ ನುಸುಳಬಲ್ಲದು. ನಮ್ಮ ಕೋಶಗಳನ್ನು ಅದು ಸಾಮಾನ್ಯವಾಗಿ ಕೊಲ್ಲುವುದಿಲ್ಲ. ಬೆಳವಣಿಗೆಯನ್ನು ಕೊಂಚ ನಿಧಾನಿಸುತ್ತದೆ, ಅರ್ಜಿನೈನ್ ಎಂಬ ಪೋಷಕಾಂಶವನ್ನು ತಿಂದು ಹಾಕುತ್ತದೆ, ಜೀನ್‌ಗಳ ಅಭಿವ್ಯಕ್ತಿಯನ್ನು ಏರುಪೇರು ಮಾಡುತ್ತದೆ. ಪ್ರಯೋಗ ಕೈಕೊಟ್ಟಿದ್ದರೆ ಅನುಮಾನವಾದರೂ ಬರುತ್ತಿತ್ತು. ಚೆಂದದ ಗ್ರಾಫುಗಳೇ ಬರುತ್ತಿದ್ದವು. ಇನ್ನೊಂದು ಮಾತು: ಕಲ್ಚರುಗಳಲ್ಲಿ ಪದೇ ಪದೇ ಸಿಗುವ ಮೈಕೋಪ್ಲಾಸ್ಮಾ ಓರಾಲೆ ಎಂಬುದರ ಮೂಲವಾಸ ಮನುಷ್ಯನ ಬಾಯಿ. ಕೋಶಗಳನ್ನು ಶುದ್ಧ ಗಾಳಿಯಲ್ಲಿ ನಿಭಾಯಿಸುವ ಹುಡ್ಡಿನ ಮುಂದೆ ಕೂತು ಹರಟುವವರು ಇದನ್ನು ಒಮ್ಮೆ ನೆನೆಯಲಿ.

ಮರುದಿನ ಕಾರಿಡಾರಿನಲ್ಲಿ ಪಕ್ಕದ ಲ್ಯಾಬಿನ ಹಿರಿಯರೊಬ್ಬರಿಗೆ ಸಂಗತಿ ಹೇಳಿದೆ. ಕೋಶಗಳು ಎಲ್ಲಿಂದ ಬಂದವು ಎಂದು ಕೇಳಿದರು. ಹೇಳಿದೆ.

"ಓ, ಆ ಸ್ಟಾಕಾ? ನಾವು ಹೋದ ವರ್ಷವೇ ಬಿಸಾಕಿದ್ವಲ್ಲ. ನಿಮಗೆ ಯಾರೂ ಹೇಳಲಿಲ್ವಾ?"

ಯಾರೂ ಹೇಳಿರಲಿಲ್ಲ. ನಾನೂ ಕೇಳಿರಲಿಲ್ಲ, ಅದೂ ನಿಜ. ಅದೇ ವರ್ಷ ನಾನು ಮೂರು ತರಬೇತಿ ಶಿಬಿರ ಮುಗಿಸಿ ಮೂರು ಪ್ರಮಾಣಪತ್ರ ಫೈಲಿಗೆ ಸೇರಿಸಿದ್ದೆ. ವೃತ್ತಿ ಬೆಳವಣಿಗೆ ಎಂಬ ಕಾಲಂ ತುಂಬಿತ್ತು. ಶಿಬಿರಗಳನ್ನು ಹೀಗಳೆಯುತ್ತಿಲ್ಲ. ಸಂಖ್ಯಾಶಾಸ್ತ್ರವನ್ನು ನಾನು ನೆಟ್ಟಗೆ ಕಲಿತದ್ದೇ ಅಂಥದೊಂದರಲ್ಲಿ. ಆದರೆ ಆ ಮೂರೂ ಸೇರಿ ಕಾರಿಡಾರಿನ ಆ ಒಂದು ವಾಕ್ಯಕ್ಕೆ ಸಮವಾಗಲಿಲ್ಲ, ಮತ್ತೆ ಆ ವಾಕ್ಯ ನನಗೆ ಸಿಕ್ಕಿದ್ದು ಹನ್ನೊಂದು ತಿಂಗಳು ತಡವಾಗಿ.

ಕೆಲಸ ಮಾಡುವ ಜೀವವಿಜ್ಞಾನಿಗೆ ಬೇಕಾದ ಸುದ್ದಿ ಇದು. ಯಾರಿಗೆ ಪ್ರಶಸ್ತಿ ಬಂತು, ಯಾವ ಸಮ್ಮೇಳನ ಎಲ್ಲಿ ನಡೆಯುತ್ತದೆ ಎಂಬುದು ಹೇಗೂ ತಲುಪುತ್ತದೆ. ಯಾವ ಸ್ಟಾಕ್ ಹಾಳಾಗಿದೆ, ಡಿಎನ್ಎ ಪ್ರತಿ ಮಾಡಲು ಬಳಸುವ ಯಾವ ಪ್ರೈಮರ್ ಜೆಲ್ಲಿನಲ್ಲಿ ಹುಸಿ ಬ್ಯಾಂಡ್ ಕೊಡುತ್ತದೆ, ಯಾವ ಕಿಟ್ಟಿನ ಹೊಸ ಬ್ಯಾಚ್ ಮೊದಲಿನಂತಿಲ್ಲ ಎಂಬುದು ತಲುಪುವುದಿಲ್ಲ. ಪೇಪರಿನಲ್ಲಿ ಗೆದ್ದದ್ದನ್ನು ಮಾತ್ರ ಬರೆಯುತ್ತೇವೆ. ಸೋತದ್ದು ನೋಟ್‌ಬುಕ್ಕಿನಲ್ಲಿ ಉಳಿದು, ವಿದ್ಯಾರ್ಥಿ ಪಿಎಚ್‌ಡಿ ಮುಗಿಸಿ ಹೊರಟಾಗ ಕಪಾಟು ಸೇರುತ್ತದೆ.

ಹಿಂದಿನವರು ಈ ವಿಷಯದಲ್ಲಿ ನಮಗಿಂತ ಜಾಣರಿದ್ದರು. ಮೆಕ್ಕೆಜೋಳದ ತಳಿವಿಜ್ಞಾನಿಗಳಿಗೆ ಕಾರ್ನೆಲ್ ವಿಶ್ವವಿದ್ಯಾಲಯದ ರಾಲಿನ್ಸ್ ಎಮರ್ಸನ್ ಹಿರಿಯಣ್ಣನಂತಿದ್ದವರು. ಯಾವ ಜೀನ್ ಯಾವ ಕ್ರೋಮೋಸೋಮಿನಲ್ಲಿ ಎಲ್ಲಿದೆ ಎಂದು ತಮಗೆ ತಿಳಿದಷ್ಟನ್ನು 1929ರಲ್ಲಿ ಅವರು ಪ್ರತಿ ತೆಗೆಸಿ ಉಳಿದವರಿಗೆ ಕಳಿಸಿದರು, ಇನ್ನೂ ಪ್ರಕಟವಾಗದ್ದನ್ನೂ ಸೇರಿಸಿ. ಅದೇ ಬೆಳೆದು ಮೆಕ್ಕೆಜೋಳದವರ ಸುದ್ದಿಪತ್ರವಾಯಿತು. 1934ರಲ್ಲಿ ಕ್ಯಾಲ್ವಿನ್ ಬ್ರಿಜಸ್ ಮತ್ತು ಮಿಲಿಸ್ಲಾವ್ ಡೆಮೆರೆಕ್ ಹಣ್ಣುನೊಣದವರಿಗಾಗಿ ಡ್ರೊಸೊಫಿಲಾ ಇನ್ಫರ್ಮೇಶನ್ ಸರ್ವಿಸ್ ಶುರು ಮಾಡಿದರು. ಯಾವ ಲ್ಯಾಬಿನಲ್ಲಿ ಜೀನ್ ಬದಲಾದ ಯಾವ ಮ್ಯೂಟಂಟ್ ನೊಣ ಇದೆ, ನೊಣದ ಬಾಟಲಿಗೆ ಬೂಸ್ಟು ಹಿಡಿಯದಂತೆ ಏನು ಮಾಡಬೇಕು, ಹೊಸದಾಗಿ ಏನು ಕಂಡಿತು, ಎಲ್ಲಕ್ಕೂ ಅಲ್ಲಿ ಜಾಗವಿತ್ತು. ಸಿ. ಎಲಿಗನ್ಸ್ ಹುಳುವಿನವರು 1975ರಲ್ಲಿ ತಮ್ಮದೇ ಗೆಜೆಟ್ ಹೊರಡಿಸಿದರು.

ನೊಣದವರ, ಹುಳುವಿನವರ ಸುದ್ದಿಪತ್ರಗಳಲ್ಲಿ ಒಂದು ಷರತ್ತಿತ್ತು: ಇದು ಪ್ರಕಟಣೆಯಲ್ಲ, ಬರೆದವರ ಒಪ್ಪಿಗೆಯಿಲ್ಲದೆ ಎಲ್ಲೂ ಉಲ್ಲೇಖಿಸಬೇಡಿ. ಸಣ್ಣ ಸಾಲು, ಆದರೆ ಇಡೀ ವ್ಯವಸ್ಥೆ ನಿಂತದ್ದು ಅದರ ಮೇಲೆ ಎಂದು ನನ್ನ ಅನಿಸಿಕೆ. ಹೇಳಿದರೆ ಯಾರಾದರೂ ಕದ್ದಾರು, ಅರೆಬೆಂದದ್ದನ್ನು ಹೇಳಿದರೆ ನಕ್ಕಾರು ಎಂಬ ಎರಡೂ ಭಯಕ್ಕೆ ಅದೇ ಮದ್ದು. ನೊಣ ಮತ್ತು ಹುಳುವಿನ ಸಂಶೋಧನೆ ಅಷ್ಟು ಬೇಗ ಬೆಳೆದದ್ದಕ್ಕೆ ಆ ಪ್ರಾಣಿಗಳ ಗುಣ ಎಷ್ಟು ಕಾರಣವೋ, ಅವನ್ನು ಸಾಕುತ್ತಿದ್ದವರ ಬಾಯಿಬಿಡುವ ಅಭ್ಯಾಸವೂ ಅಷ್ಟೇ ಕಾರಣ.

ಹಾಗೆಂದು ಸುದ್ದಿ ಹೊರಬಿದ್ದ ಮಾತ್ರಕ್ಕೆ ಕೆಲಸ ಮುಗಿಯಿತು ಎನ್ನುವಂತಿಲ್ಲ. ಹೀಲಾ ಕೋಶಗಳ ಕಥೆಯನ್ನೇ ನೋಡಿ. 1951ರಲ್ಲಿ ಹೆನ್ರಿಯೆಟಾ ಲ್ಯಾಕ್ಸ್ ಎಂಬ ಕಪ್ಪು ಮಹಿಳೆಯ ಗರ್ಭಕಂಠದ ಗೆಡ್ಡೆಯಿಂದ, ಅವರ ಒಪ್ಪಿಗೆ ಕೇಳದೆ, ತೆಗೆದ ಕೋಶಗಳು ಅವು. ಲ್ಯಾಬಿನಲ್ಲಿ ಕೊನೆಯಿಲ್ಲದೆ ಬೆಳೆದ ಮನುಷ್ಯ ಕೋಶಗಳಲ್ಲಿ ಅವೇ ಮೊದಲನೆಯವು. ಅವುಗಳ ಬೆಳವಣಿಗೆ ಎಷ್ಟು ಜೋರೆಂದರೆ, ಪಿಪೆಟ್ಟಿನ ಒಂದು ಹನಿ ಬೇರೆ ಫ್ಲಾಸ್ಕಿಗೆ ಬಿದ್ದರೆ ಕೆಲವು ವಾರಗಳಲ್ಲಿ ಆ ಫ್ಲಾಸ್ಕೇ ಹೀಲಾ ಪಾಲು. 1966ರಲ್ಲಿ ಸ್ಟ್ಯಾನ್ಲಿ ಗಾರ್ಟ್ಲರ್ ಎಂಬ ತಳಿವಿಜ್ಞಾನಿ ಕೋಶ ಬೆಳೆಸುವವರ ಸಮ್ಮೇಳನದಲ್ಲಿ ಎದ್ದುನಿಂತು, ಬೇರೆಬೇರೆ ಅಂಗಾಂಶಗಳದ್ದೆಂದು ಹೆಸರಾಗಿದ್ದ 18 ಸೆಲ್ ಲೈನ್‌ಗಳಲ್ಲೂ (ಒಂದೇ ಮೂಲದಿಂದ ಬೆಳೆಸುತ್ತ ಬಂದ ಕೋಶಗಳ ಸಾಲುಗಳು) ಜಿ6ಪಿಡಿ ಕಿಣ್ವದ ಒಂದೇ ಮಾದರಿ ಸಿಕ್ಕಿದೆ ಎಂದರು. ಅದು ಆಫ್ರಿಕನ್ ಮೂಲದವರಲ್ಲಿ ಕಾಣುವ ಮಾದರಿ. ಹೀಲಾದಲ್ಲಿ ಇದ್ದದ್ದೂ ಅದೇ. ಸಭೆಯಲ್ಲಿದ್ದ ಹಲವರಿಗೆ ಅದು ತಮ್ಮ ವರ್ಷಗಟ್ಟಲೆಯ ಕೆಲಸದ ಮರಣವಾರ್ತೆ. ಮುಂದೆ ವಾಲ್ಟರ್ ನೆಲ್ಸನ್-ರೀಸ್ 1970ರ ದಶಕದಲ್ಲಿ ಕಲಬೆರಕೆಯಾದ ಲೈನ್‌ಗಳ ಪಟ್ಟಿಯನ್ನೇ ಪ್ರಕಟಿಸುತ್ತ ಹೋದರು. ಅದರಿಂದ ಸ್ನೇಹಿತರಿಗಿಂತ ಶತ್ರುಗಳೇ ಹೆಚ್ಚಾದರು.

ಈಗೇನಾಗಿದೆ? ಗುರುತು ತಪ್ಪಿದ ಸೆಲ್ ಲೈನ್‌ಗಳ ಅಂತರರಾಷ್ಟ್ರೀಯ ಪಟ್ಟಿ ಇದೆ, ಅದರಲ್ಲಿ 500ಕ್ಕೂ ಹೆಚ್ಚು ಹೆಸರುಗಳಿವೆ. ಯಾರು ಬೇಕಾದರೂ ನೋಡಬಹುದು. ಕೆಬಿ, ಹೆಪ್-2, ಚಾಂಗ್ ಲಿವರ್ ಎಂಬ ಲೈನ್‌ಗಳೆಲ್ಲ ಹೀಲಾ ಎಂದು ಸಾಬೀತಾಗಿ ದಶಕಗಳೇ ಕಳೆದಿವೆ. ಆದರೂ "ಯಕೃತ್ತಿನ ಸಹಜ ಕೋಶ" ಎಂದು ಚಾಂಗ್ ಲಿವರ್ ಬಳಸಿದ ಹಸ್ತಪ್ರತಿ ವಿಮರ್ಶೆಗೆಂದು ನನ್ನ ಮೇಜಿಗೆ ಬಂದದ್ದುಂಟು. ಬರೆದವರು ಮೋಸಗಾರರಲ್ಲ. ಅವರ ಗೈಡ್ ಬಳಸಿದ್ದರು, ಅವರ ಗೈಡಿನ ಗೈಡೂ ಬಳಸಿದ್ದರು. ಲೈನ್ ಪರಂಪರೆಯಿಂದ ಬಂತು, ಸುದ್ದಿ ಬರಲಿಲ್ಲ. ಎಸ್‌ಟಿಆರ್ ಪ್ರೊಫೈಲ್ ಮಾಡಿಸಿದ್ದರೆ, ಅಂದರೆ ಡಿಎನ್ಎಯ ಕೆಲವು ಗೊತ್ತಾದ ತಾಣಗಳಲ್ಲಿ ಪುನರಾವರ್ತನೆಯ ಎಣಿಕೆಯನ್ನು ಮೂಲ ಲೈನಿನ ದಾಖಲೆಯ ಜೊತೆ ತಾಳೆ ನೋಡಿದ್ದರೆ, ಒಂದೇ ಪರೀಕ್ಷೆಯಲ್ಲಿ ಗೊತ್ತಾಗುತ್ತಿತ್ತು.

ಸುದ್ದಿ ಕಿವಿಗೆ ಬಿದ್ದರೂ ನಾಟದಿರುವುದಕ್ಕೆ ಕಾರಣ ಹುಡುಕಲು ದೂರ ಹೋಗಬೇಕಿಲ್ಲ. ಕೆಟ್ಟ ಸುದ್ದಿ ಹೇಳಿದವರಿಗೆ ಬಡ್ತಿ ಸಿಗುವುದಿಲ್ಲ. ಪತ್ರಿಕೆಯ ಇಂಪ್ಯಾಕ್ಟ್ ಫ್ಯಾಕ್ಟರ್, ಅಂದರೆ ಅದರ ಲೇಖನಗಳನ್ನು ಸರಾಸರಿ ಎಷ್ಟು ಸಲ ಉಲ್ಲೇಖಿಸುತ್ತಾರೆ ಎಂಬ ಅಂಕಿ, ನೋಡಿ ಮನುಷ್ಯರನ್ನು ಅಳೆಯಬೇಡಿ ಎಂದು ಸಂಶೋಧನೆಯ ಮೌಲ್ಯಮಾಪನದ ಬಗೆಗಿನ ಡೋರಾ ಘೋಷಣೆ ಹೇಳಿ ಹತ್ತು ವರ್ಷದ ಮೇಲಾಯಿತು. ಸಹಿ ಹಾಕಿದ ಸಂಸ್ಥೆಗಳ ಸಂದರ್ಶನ ಕೋಣೆಗಳಲ್ಲೂ ಆ ಅಂಕಿಯನ್ನು ಪಿಸುಗುಟ್ಟುವುದು ನಿಂತಿಲ್ಲ. ಲೇಖಕರ ಪಾಲನ್ನು ಗುರುತಿಸುವ ಕ್ರೆಡಿಟ್ ಎಂಬ ಪದ್ಧತಿಯ 14 ಪಾತ್ರಗಳಲ್ಲಿ ಮರುಪರಿಶೀಲನೆಯೂ ಒಂದು ಎಂಬುದು ನನಗೆ ಕೊಂಚ ಸಮಾಧಾನ. ಹುಡುಗರ ಹೆಸರಿನ ಮುಂದೆ ಅದನ್ನು ಬರೆಯುವಾಗ ನಾನು ಜಿಪುಣತನ ಮಾಡುವುದಿಲ್ಲ.

ನಿರ್ದಿಷ್ಟ ಪ್ರೋಟೀನಿಗೆ ಅಂಟಿ ಅದನ್ನು ತೋರಿಸಿಕೊಡುವ ಆಂಟಿಬಾಡಿಗಳ ವಿಷಯದಲ್ಲಿ ಮಾತ್ರ ಸುದ್ದಿ ಕೆಲಸ ಮಾಡಿದ್ದನ್ನು ಕಣ್ಣಾರೆ ಕಂಡೆವು. ಪ್ರೋಟೀನುಗಳನ್ನು ತೂಕದ ಪ್ರಕಾರ ಬೇರ್ಪಡಿಸಿ ನೋಡುವ ಬ್ಲಾಟಿನಲ್ಲಿ ಸರಿಯಾದ ತೂಕದ ಜಾಗದಲ್ಲಿ ಬ್ಯಾಂಡ್ ಬಂದರೆ ನಂಬಿಬಿಡುವುದು ನಮ್ಮ ಹಳೆಯ ಚಾಳಿ. ನಂಬಬೇಕಾದರೆ ಆ ಪ್ರೋಟೀನಿನ ಜೀನನ್ನೇ ತೆಗೆದುಹಾಕಿದ ಕೋಶದಲ್ಲಿ ಬ್ಯಾಂಡ್ ಮಾಯವಾಗಬೇಕು. 2023ರಲ್ಲಿ ಪ್ರಕಟವಾದ ಒಂದು ಅಧ್ಯಯನದಲ್ಲಿ 65 ಪ್ರೋಟೀನುಗಳ 614 ಆಂಟಿಬಾಡಿಗಳನ್ನು ಹೀಗೆ, ನಾಕ್‌ಔಟ್ ಕೋಶಗಳ ಪಕ್ಕದಲ್ಲಿಟ್ಟು, ಪರೀಕ್ಷಿಸಿದರು. ಅರ್ಧಕ್ಕಿಂತ ಹೆಚ್ಚಿನವು ಒಂದಲ್ಲ ಒಂದು ಬಳಕೆಯಲ್ಲಿ ಸೋತವು. ನನಗೆ ಇಷ್ಟವಾದದ್ದು ಮುಂದಿನ ಭಾಗ. ಮಾರುವ ಕಂಪನಿಗಳನ್ನು ಮೊದಲಿನಿಂದಲೇ ಜೊತೆಗೆ ಕೂರಿಸಿಕೊಂಡಿದ್ದರಿಂದ, ನಿರೀಕ್ಷೆ ಮುಟ್ಟದವುಗಳಲ್ಲಿ ಸುಮಾರು 20% ಆಂಟಿಬಾಡಿಗಳನ್ನು ಅವರೇ ಮಾರುಕಟ್ಟೆಯಿಂದ ಹಿಂತೆಗೆದರು, ಸುಮಾರು 40%ರ ಬಳಕೆಯ ಸೂಚನೆಯನ್ನು ತಿದ್ದಿದರು. ಹಾಳೆಗಟ್ಟಲೆ ದೂರು ಬರೆದಿದ್ದರೆ ಇದರ ಕಾಲುಭಾಗವೂ ಆಗುತ್ತಿರಲಿಲ್ಲ.

ಎಕ್ಸೆಲ್ ಪ್ರಸಂಗ ಎಲ್ಲರೂ ಕೇಳಿರುತ್ತೀರಿ. ಸೆಪ್ಟ್2 ಎಂಬ ಜೀನನ್ನು ಟೈಪ್ ಮಾಡಿದರೆ ಅದು ಸೆಪ್ಟೆಂಬರ್ 2 ಎಂಬ ತಾರೀಖಾಗಿಬಿಡುತ್ತದೆ. 2004ರಲ್ಲೇ ಪತ್ರಿಕೆಯಲ್ಲಿ ಎಚ್ಚರಿಕೆ ಬಂತು. 2016ರಲ್ಲಿ ಮತ್ತೆ ಎಣಿಸಿ ನೋಡಿದಾಗ, ಎಕ್ಸೆಲ್ ಜೀನ್ ಪಟ್ಟಿ ಲಗತ್ತಿಸಿದ ಪೇಪರುಗಳಲ್ಲಿ ಐದಕ್ಕೊಂದರಲ್ಲಿ ಅದೇ ತಪ್ಪು. ಕಡೆಗೆ 2020ರಲ್ಲಿ ಜೀನ್‌ಗಳ ನಾಮಕರಣ ಸಮಿತಿಯೇ ಸೋತು ಸೆಪ್ಟ್‌ಗಳನ್ನು ಸೆಪ್ಟಿನ್ ಎಂದೂ ಮಾರ್ಚ್‌ಗಳನ್ನು ಮಾರ್ಚ್‌ಎಫ್ ಎಂದೂ ಬದಲಿಸಿತು. ಜನರ ಅಭ್ಯಾಸ ತಿದ್ದುವುದಕ್ಕಿಂತ ಜೀನಿನ ಹೆಸರು ತಿದ್ದುವುದೇ ಸುಲಭವಾಯಿತು.

ನಮ್ಮ ಲ್ಯಾಬಿನಲ್ಲಿ ಈಗ ತಿಂಗಳ ಮೊದಲ ಸೋಮವಾರದ ಮೀಟಿಂಗ್ ಶುರುವಾಗುವುದು ಕೆಟ್ಟ ಸುದ್ದಿಯಿಂದ. ಇಪ್ಪತ್ತು ನಿಮಿಷ. ಪಕ್ಕದ ಎರಡು ಲ್ಯಾಬಿನವರೂ ಬಂದು ಕೂರುತ್ತಾರೆ. ಮೊದಲ ತಿಂಗಳು ಯಾರೂ ತುಟಿ ಬಿಚ್ಚಲಿಲ್ಲ, ನನ್ನ ಹನ್ನೊಂದು ತಿಂಗಳ ಕಥೆಯನ್ನು ನಾನೇ ಹೇಳಿ ಎದ್ದೆ. ಎರಡನೆಯ ತಿಂಗಳು ಒಬ್ಬ ಹುಡುಗ ಕೈಯೆತ್ತಿದ.

"ಮೇಡಂ, ಆ ಆಂಟಿಬಾಡಿ ವರ್ಕ್ ಆಗ್ತಿಲ್ಲ."

"ಯಾವ ಲಾಟ್?"

ಯಾವ ತಯಾರಿಕೆಯ ಬ್ಯಾಚೋ ಅವನಿಗೆ ಗೊತ್ತಿರಲಿಲ್ಲ. ಬಾಟಲಿ ತರಲು ಫ್ರೀಜರಿಗೆ ಓಡಿದ. ಅಲ್ಲಿಂದ ಒಂದು ನಿಯಮ ತಾನಾಗಿ ಹುಟ್ಟಿತು: "ವರ್ಕ್ ಆಗ್ತಿಲ್ಲ" ಎಂಬುದು ಸುದ್ದಿಯಲ್ಲ, ಗೊಣಗಾಟ. ಲಾಟ್ ನಂಬರ್, ಎಷ್ಟು ಪಟ್ಟು ತೆಳು ಮಾಡಿದ್ದು, ಯಾವ ಕೋಶ, ಕಂಟ್ರೋಲಿನಲ್ಲಿ ಏನು ಬಂತು, ಇಷ್ಟಿದ್ದರೆ ಅದು ಇನ್ನೊಬ್ಬರಿಗೆ ಉಪಯೋಗಕ್ಕೆ ಬರುವ ಸುದ್ದಿ. ಆ ಹುಡುಗನ ಲಾಟ್ ನಂಬರನ್ನು ಪಕ್ಕದ ಲ್ಯಾಬಿನ ಪೋಸ್ಟ್‌ಡಾಕ್ ತನ್ನ ಬಾಟಲಿಯ ಜೊತೆ ಹೋಲಿಸಿದಳು. ಬೇರೆ ಲಾಟು. ಅವಳ ಹಳೆಯ ಬಾಟಲಿಯಿಂದ ಹತ್ತು ಮೈಕ್ರೋಲೀಟರ್ ಕೊಟ್ಟಳು. ಒಂದು ವಾರದಲ್ಲಿ ವ್ಯತ್ಯಾಸ ಜೆಲ್ಲಿನ ಮೇಲೆ ಕಣ್ಣಿಗೆ ಹೊಡೆಯುವಂತೆ ಕಂಡಿತು. ಮುಂಚಿನ ಕಾಲದಲ್ಲಾಗಿದ್ದರೆ ಆ ಹುಡುಗ ತನ್ನ ಕೈಗುಣವೇ ಸರಿಯಿಲ್ಲವೆಂದು ಆರು ತಿಂಗಳು ಕೊರಗುತ್ತಿದ್ದ.

ಹೇಳಿದ್ದೆಲ್ಲ ಒಂದು ರಿಜಿಸ್ಟರಿಗೆ ಹೋಗುತ್ತದೆ. ದಪ್ಪ ರಟ್ಟಿನ ಕಾಗದದ ರಿಜಿಸ್ಟರು, ಕಲ್ಚರ್ ರೂಮಿನ ಬಾಗಿಲ ಪಕ್ಕದಲ್ಲೇ ನೇತಾಡುತ್ತದೆ. ಕಂಪ್ಯೂಟರಿನಲ್ಲಿ ಇಟ್ಟು ನೋಡಿದೆವು, ಗ್ಲವ್ಸ್ ಹಾಕಿದವರು ಯಾರೂ ತೆರೆಯಲಿಲ್ಲ. ಮೊದಲ ಪುಟದಲ್ಲಿ ನೊಣದವರ ಷರತ್ತನ್ನು ನಮ್ಮ ಮಾತಿನಲ್ಲಿ ಬರೆದಿದ್ದೇವೆ. ಸುದ್ದಿ ತಪ್ಪೆಂದು ತಿಳಿದರೆ ಹೊಡೆದುಹಾಕಿ ಪಕ್ಕದಲ್ಲಿ ತಾರೀಖು ಹಾಕಬೇಕು, ಪುಟ ಹರಿಯುವಂತಿಲ್ಲ.

ಹೋದ ತಿಂಗಳು ಕೆಳಗಿನ ಮಹಡಿಯಿಂದ ಹೊಸ ವಿದ್ಯಾರ್ಥಿನಿಯೊಬ್ಬಳು ಕೋಶ ಕೇಳಿಕೊಂಡು ಬಂದಳು. ಕೈಯಲ್ಲಿ ಐಸ್ ಬಾಕ್ಸು, ಮುಖದಲ್ಲಿ ಅವಸರ. ನಮ್ಮ ಹುಡುಗರಲ್ಲಿ ತೀರಾ ಕಿರಿಯವನು ರಿಜಿಸ್ಟರ್ ತಿರುವಿ ನೋಡಿ, "ಅಕ್ಕಾ, ಇವತ್ತು ಕೊಡಲ್ಲ" ಎಂದ. ಆ ಲೈನಿನ ಮೈಕೋಪ್ಲಾಸ್ಮಾ ಟೆಸ್ಟು ಆಗಿ ಐದು ವಾರವಾಗಿತ್ತು. ಆಂಟಿಬಯೋಟಿಕ್ ಇಲ್ಲದ ಮೀಡಿಯಂನಲ್ಲಿ ಮೂರು ದಿನ ಬಿಟ್ಟು, ಮೇಲಿನ ದ್ರವ ತೆಗೆದು, ಅದರಲ್ಲಿ ಮೈಕೋಪ್ಲಾಸ್ಮಾದ ಡಿಎನ್ಎ ಇದೆಯೇ ಎಂದು ಪಿಸಿಆರ್ ಮಾಡಬೇಕು. ಅವಳು ನನ್ನ ಕಡೆ ನೋಡಿದಳು. ನಾನು ಪಿಪೆಟ್ ಟಿಪ್ಪುಗಳನ್ನು ಎಣಿಸುತ್ತಿರುವವಳಂತೆ ತಲೆ ತಗ್ಗಿಸಿದೆ.

"ಶುಕ್ರವಾರ ಬನ್ನಿ," ಎಂದ ಅವನು, "ಜೆಲ್ ಫೋಟೋ ಸಮೇತ ಕೊಡ್ತೀನಿ."